‘ನಮ್ಮ ಮನೆಯಲ್ಲೂ ಬಳಸುತ್ತೇವೆ’

ಮಾರಿದವನು ತಾನಲ್ಲವಲ್ಲ? ಪುಡಿ ಮಾಡಿದ್ದು ಯಾವುದೋ ಊರಿನ ಕಂಪನಿ, ತಂದುಕೊಟ್ಟವನು ಕೊರಿಯರ್‌ನವನು. ತಾನು ಬರೀ ಒಂದು ಲಿಂಕ್ ಹಾಕಿ ತರಿಸಿಕೊಟ್ಟವನು. ಹಾಗಿದ್ದ ಮೇಲೆ ಗುರುಸಿದ್ದಮ್ಮನ ಮನೆ ಮುಂದೆ ಹಾದುಹೋಗಲು ಕಾಲೇಕೆ ಏಳುತ್ತಿಲ್ಲ ಎಂದು ನಂಜೇಶ್ ಜಗಲಿಯ ಮೇಲೆ ಕೂತು ಯೋಚಿಸುತ್ತಿದ್ದ.

ಹುಲ್ಲಹಳ್ಳಿಯ ನಂಜೇಶ್ ಬಿ.ಎ. ಮುಗಿಸಿ ಮನೆಯಲ್ಲೇ ಮಾಡುತ್ತಿದ್ದ ಕೆಲಸ ಇದು. ಆನ್‌ಲೈನ್ ಅಂಗಡಿಗಳ ಸಾಮಾನಿನ ಲಿಂಕನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವುದು. ಅದನ್ನು ಒತ್ತಿ ಯಾರಾದರೂ ಕೊಂಡರೆ ಅವನಿಗಿಷ್ಟು ಕಮಿಷನ್. ಆದರೆ ಊರಿನ ಹೆಂಗಸರು ಜಾಹೀರಾತು ನಂಬುವವರಲ್ಲ. ನಿಮ್ಮ ಮನೆಯಲ್ಲಿ ತೆಗೆದುಕೊಂಡಿದ್ದೀರಾ ಎಂದು ಕೇಳಿಯೇ ಕೊಳ್ಳುವವರು. ಅದಕ್ಕೇ ಅವನು ಪ್ರತಿ ಲಿಂಕಿನ ಕೆಳಗೂ ‘ನಮ್ಮ ಮನೆಯಲ್ಲೂ ಬಳಸುತ್ತೇವೆ’ ಎಂದು ಸೇರಿಸತೊಡಗಿದ. ಸಕ್ಕರೆ ಕಾಯಿಲೆಯ ಪುಡಿಗೆ ಇನ್ನೊಂದು ಸಾಲೂ ಬಿತ್ತು: ‘ನಮ್ಮವ್ವನಿಗೆ ಈಗ ಮಾತ್ರೆಯೇ ಬೇಡ.’

ಅದೇ ಬೀದಿಯ ಗುರುಸಿದ್ದಮ್ಮನಿಗೂ ಸಕ್ಕರೆ ಕಾಯಿಲೆ, ಆದರೆ ಫೋನಿಲ್ಲ. ಹೆಂಗಸರ ಸಂಘದಲ್ಲಿ ಯಾರೋ ಆ ಸಾಲು ಓದಿದ್ದನ್ನು ಕೇಳಿಕೊಂಡು ಬಂದು, ನಿಜವೇ ಎಂದು ಅವನ ತಾಯಿ ಮಂಗಳಮ್ಮನನ್ನು ಕೇಳಿದಳು. ಮಂಗಳಮ್ಮ ಮಗನ ಮುಖ ನೋಡಿ ಸುಮ್ಮನಾದಳು. ನಂಜೇಶನೇ ಪುಡಿ ತರಿಸಿಕೊಟ್ಟ. ಮೂರು ತಿಂಗಳು ಆಕೆ ಆಸ್ಪತ್ರೆಯ ಮಾತ್ರೆ ಬಿಟ್ಟು ಅದನ್ನೇ ಕುಡಿದಳು. ಗದ್ದೆಯಲ್ಲಿ ಕೊಯ್ದ ಪೈರಿನ ಕೂಳೆ ಕಾಲಿಗೆ ಚುಚ್ಚಿದ ಗಾಯ ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು.

ಆಶಾ ಕಾರ್ಯಕರ್ತೆ ಪಲ್ಲವಿ ಆ ಪುಡಿಯ ಡಬ್ಬಿ ಹಿಡಿದುಕೊಂಡೇ ಜಗಲಿಗೆ ಬಂದಳು.

“ನಿಮ್ಮವ್ವ ತಿಂಗ್ಳು ತಿಂಗ್ಳು ನನ್ ಜೊತೆ ಬಂದು ಮಾತ್ರೆ ಇಸ್ಕೋತಾರಲ್ಲೋ. ಇದ್ನ ಯಾವಾಗ ಕುಡುದ್ರು?”

“ಎಲ್ರೂ ಅಂಗೇ ಬರೀತಾರೆ ಕಣಕ್ಕ. ಇಲ್ದಿದ್ರೆ ಯಾರು ಒತ್ತಾರು? ನಾನೇನು ಮಾತ್ರೆ ಬುಡಿ ಅಂದ್ನಾ?”

“ಕಮಿಷನ್ ತಕ್ಕೋ, ಬ್ಯಾಡ ಅಂದೋರ್ಯಾರು? ಬತ್ತದೆ ಅಂತ ಬರಿ. ಬಳಸಿದ್ರೆ ಬಳಸಿದೀನಿ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಕಾಯ್ಲೆ ವಾಸಿ ಮಾಡ್ತದೆ ಅನ್ನೋ ಸಾಮಾನಂತೂ ಮುಟ್ಟಬ್ಯಾಡ. ಆವಮ್ಮ ಕಂಪ್ನೀನ ನಂಬ್ನಿಲ್ಲ ಕಣೋ, ನಿಮ್ಮವ್ವನ್ನ ನಂಬುದ್ಲು.”

ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮ ಒಂದೇ ಮಾತು ಆಡಿದಳು: “ನನ್ನೆಸ್ರು ತೆಗ್ದಾಕು.”

ಅವತ್ತೇ ಅವನು ಲಿಂಕಿನ ಕೆಳಗೆ ಆ ಸಾಲುಗಳನ್ನು ಹಾಕುವುದು ನಿಲ್ಲಿಸಿದ. ತನಗೆ ಕಮಿಷನ್ ಬರುತ್ತದೆ, ಪುಡಿಯ ಬಗ್ಗೆ ಬರೆದದ್ದು ಸುಳ್ಳು, ಯಾರೂ ಮಾತ್ರೆ ಬಿಡಬೇಡಿ ಎಂದು ಗುಂಪಿಗೆ ಬರೆದ. ಆ ತಿಂಗಳು ಅವನ ಲಿಂಕ್ ಒತ್ತಿದವರು ಇಬ್ಬರೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲೇ ಕೂತು ಲಿಂಕ್ ಕಳಿಸಿ ದುಡಿಯುವುದು ತಪ್ಪಲ್ಲ. ಆದರೆ ಅದರಿಂದ ನಿಮಗೆ ಹಣ ಬರುತ್ತದೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಬಳಸದ ಸಾಮಾನಿಗೆ ಮನೆಯವರ ಸಾಕ್ಷಿ ಹಾಕಬೇಡಿ. ಕೊಳ್ಳುವವರಾದರೆ, ಇದರಲ್ಲಿ ನಿನಗೇನು ಸಿಗುತ್ತದೆ ಎಂದು ನಾಚದೆ ಕೇಳಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಕೊನೆಗೊಂದು ದಿನ ನಂಜೇಶ್ ಗುರುಸಿದ್ದಮ್ಮನನ್ನು ನೋಡಲು ಹೋದ. ಅವನು ಗುಂಪಿಗೆ ಬರೆದ ತಪ್ಪೊಪ್ಪಿಗೆ ಫೋನಿಲ್ಲದ ಆಕೆಯ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಆಕೆ ಕಾಲನ್ನು ಸೀರೆಯಂಚಿನೊಳಗೆ ಎಳೆದುಕೊಂಡು, “ನಿಮ್ಮವ್ವಂಗೆ ಒಗ್ತು, ನನ್ ಮೈಗೆ ಒಗ್ನಿಲ್ಲ. ಅದ್ಕೆ ನೀನ್ಯಾಕಪ್ಪ ಮೊಖ ಸಣ್ಣಗ್ ಮಾಡ್ಕಂಡಿದ್ದೀಯೆ?” ಎಂದಳು. ಆಕೆ ಕೊಟ್ಟ ಕಾಫಿ ಕುಡಿದು ಅವನು ಎದ್ದು ಬಂದ. ತನ್ನವ್ವ ಆ ಪುಡಿಯನ್ನು ಒಂದು ದಿನವೂ ಕುಡಿದಿರಲಿಲ್ಲ ಎಂದು ಅವನು ಆಕೆಗೆ ಹೇಳಲೇ ಇಲ್ಲ.