ತಮ್ಮ ಕೊಟ್ಟ ರಕ್ತ

ಕೋಳಿ ಅಂಗಡಿಯವನನ್ನು ಮಾರುಕಟ್ಟೆಯಲ್ಲೆಲ್ಲ ಹುಲಿ ಅಂತಲೇ ಕರೆಯುತ್ತಿದ್ದರು. ಗಿರಿಜಾ ಮೀಸೆ, ಕೈಯಲ್ಲಿ ಕತ್ತಿ, ಬೆಳಗಿನಿಂದ ಸಂಜೆಯವರೆಗೂ ರಕ್ತದಲ್ಲೇ ಕೆಲಸ. ಆದರೆ ಇಂಜೆಕ್ಷನ್ ಸೂಜಿ ಕಂಡರೆ ಮುಗಿಯಿತು, ಈ ಹುಲಿ ಕಣ್ಣು ಮೇಲೆ ಮಾಡಿಕೊಂಡು ಬಿದ್ದೇಬಿಡುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಅವನ ತಮ್ಮನೊಬ್ಬನಿಗೇ.

ಹುಲಿಗೆ ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮಗು ಬೇಕೆಂದು ಡಾಕ್ಟರಮ್ಮನ ಹತ್ತಿರ ಹೋದರು. ಹೆಂಡತಿಯ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು: "ನಿಮ್ಮ ರಕ್ತದಲ್ಲಿ ಥಲಸ್ಸೀಮಿಯಾದ ಅಂಶ ಇದೆಯಮ್ಮ. ನಿಮಗೇನೂ ತೊಂದ್ರೆ ಇಲ್ಲ. ಆದ್ರೆ ಯಜಮಾನ್ರಲ್ಲೂ ಅದೇ ಇದ್ರೆ ಮಗೂಗೆ ಕಾಯಿಲೆ ಬರಬಹುದು. ಬದುಕಿರೋವರೆಗೂ ರಕ್ತ ಹಾಕಿಸ್ತಾನೇ ಇರ್ಬೇಕಾಗತ್ತೆ. ಅವರದ್ದೂ ನೋಡ್ಬಿಡೋಣ."

"ಅದಕ್ಕೇನಂತೆ, ನಾಳೆನೇ ಕೊಡ್ತೀನಿ" ಎಂದು ಹುಲಿ ಮೀಸೆ ತಿರುವಿದ.

ಮರುದಿನ ಲ್ಯಾಬಿಗೆ ಹೋದದ್ದು ತಮ್ಮ. ಅಣ್ಣನ ಹೆಸರು ಕೂಗಿದಾಗ ಎದ್ದು ಹೋಗಿ ತೋಳು ಚಾಚಿದ. "ಒಂದೇ ಹೊಟ್ಟೇಲಿ ಹುಟ್ಟಿದೋರು ಕಣೋ, ನಿನ್ನ ರಕ್ತ ಆದ್ರೇನು, ನಂದಾದ್ರೇನು?" ಅಂದಿದ್ದ ಹುಲಿ. ತಮ್ಮನಿಗೂ ಅದು ಸರಿಯೆನಿಸಿತ್ತು. ಅಯ್ಯೋ ಪೆದ್ದುಗಳಾ! ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬಂದಿರಲೇಬೇಕು ಅಂತೇನಿಲ್ಲ. ಡಾಕ್ಟರಮ್ಮನನ್ನು ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು. ರಿಪೋರ್ಟಿನಲ್ಲಿ ಏನೂ ದೋಷವಿಲ್ಲವೆಂದು ಬಂತು. ತಮ್ಮ ಹಡಗಿನ ಕೆಲಸಕ್ಕೆ ಹೊರಟುಹೋದ.

ಹೆಣ್ಣು ಮಗು ಹುಟ್ಟಿತು. ವರ್ಷ ತುಂಬುವ ಮೊದಲೇ ಬಿಳಿಚಿಕೊಂಡು, ಹಾಲು ಕುಡಿಯಲಾರದೆ ಸೊರಗಿತು. ನೋಡಿದರೆ ಅದೇ ಕಾಯಿಲೆ.

"ಇದು ತಂದೆ ತಾಯಿ ಇಬ್ಬರಿಂದಲೂ ಬರ್ಬೇಕು. ಲ್ಯಾಬಲ್ಲಿ ಎಲ್ಲೋ ತಪ್ಪಾಗಿರ್ಬೇಕು, ನಿಮ್ಮ ರಕ್ತ ಇನ್ನೊಂದ್ಸಲ ನೋಡೋಣ" ಎಂದರು ಡಾಕ್ಟರಮ್ಮ.

ಹುಲಿ ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಅವನ ತಾಯಿ ಎದ್ದು ನಿಂತಳು. "ತಪ್ಪು ಎಲ್ಲಾಗಿದೆ ಅಂತ ನಂಗೊತ್ತು! ನನ್ನ ಮಗನಲ್ಲಿ ಇಲ್ದೇ ಇರೋದು ಇದಕ್ಕೆ ಬಂತು ಅಂದ್ರೆ, ಇದರಪ್ಪ ಇನ್ಯಾವನೋ!"

ಹೆಂಡತಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ರೀ, ಇನ್ನೊಂದ್ಸಲ ಕೊಟ್ಬಿಡಿ. ಎಲ್ರಿಗೂ ಗೊತ್ತಾಗ್ಲಿ" ಎಂದಳು.

ಹುಲಿ ಮೀಸೆಯ ಮೇಲೆ ಕೈಯಿಟ್ಟ. ಆವತ್ತು ಹೋದದ್ದು ತಮ್ಮ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. "ಆಮೇಲೆ ನೋಡೋಣ" ಎಂದು ಹೊರಗೆ ನಡೆದ.

ಸಂಜೆ ವಿಷಯ ತಿಳಿದ ತಮ್ಮ ಹಡಗಿನಿಂದಲೇ ಫೋನಿನಲ್ಲಿ ಗೋಗರೆದ. "ಅಣ್ಣಾ, ನಿಜ ಹೇಳ್ಬಿಡೋ. ಅತ್ತಿಗೆ ಬಾಳು ಹಾಳಾಗತ್ತೆ."

"ಹೇಳ್ಬಿಟ್ಟು? ಸೂಜಿಗೆ ಹೆದರಿದ ಹುಲಿ ಅಂತ ಬಜಾರಿನೋರೆಲ್ಲ ನಗ್ಲಿ ಅಂತಾನಾ? ಅಮ್ಮನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ನೀನು ಬಾಯಿ ಮುಚ್ಕೊಂಡಿರು."

ಅಣ್ಣನ ಮಾತು ಮೀರದ ತಮ್ಮ ಬಾಯಿ ಮುಚ್ಚಿಕೊಂಡ.

ಮರುದಿನ ಅತ್ತೆ ಸೊಸೆಯ ಬಟ್ಟೆಗಂಟನ್ನು ಹೊಸಿಲಾಚೆ ಎಸೆದಳು. ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಡತಿ ಬಾಗಿಲಲ್ಲಿ ತಿರುಗಿ ನಿಂತಳು.

"ಅತ್ತೆ ಏನಾದ್ರೂ ಅಂದ್ಕೊಳ್ಲಿ. ನೀವು ಹೇಳಿ. ನಾನು ಅಂಥವಳಾ?"

ಮಗು ಅಪ್ಪನ ಕಡೆ ಕೈ ಚಾಚಿತು. ಹುಲಿ ಗೋಡೆ ನೋಡಿದ.

"ರಿಪೋರ್ಟ್ ಸುಳ್ಳು ಹೇಳತ್ತಾ?" ಎಂದ.

ಅವಳು ಗಂಟು ಎತ್ತಿಕೊಂಡು ಮೆಟ್ಟಿಲಿಳಿದಳು. ತಾಯಿ ಬಾಗಿಲು ಹಾಕಿ ಬಂದು ಮಗನ ಬೆನ್ನು ಸವರಿದಳು.

"ಪಾಪ, ಮನಸ್ಸಲ್ಲಿ ಎಷ್ಟು ನೊಂದಿದ್ಯೋ ಏನೋ ನನ್ನಪ್ಪ."

ಅವನು ಹೌದೆಂದು ತಲೆಯಾಡಿಸಿದ.