ಒಂದೇ ಬಟ್ಟಲಿನ ಚಹಾ

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಜಪಾನಿ ಇಂಜಿನಿಯರನ ಹೆಂಡತಿ ಫುಮಿಕೊ, ತನ್ನೂರಿಗೆ ಮರಳುವ ಮೊದಲು ಇಬ್ಬರನ್ನು ಚಹಾಕ್ಕೆ ಕರೆದಳು. ಒಬ್ಬಳು ಕೆಳಗಿನ ಮನೆಯ, ಶ್ರೀಮತಿ ಎಂಬ ಹೆಸರಿನವಳು, ಅದೇ ಕಾರ್ಖಾನೆಯ ಸೂಪರ್‌ವೈಜರನ ಹೆಂಡತಿ, ಉಡುಪಿ ಕಡೆಯವಳು. ಇನ್ನೊಬ್ಬಳು ಎರಡೂ ಮನೆಯ ಪಾತ್ರೆ ತಿಕ್ಕುವ ಕಾಳವ್ವ.

ಕಾಳವ್ವನಿಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಫುಮಿಕೊ ಮುಂದಿನ ವಾರ ಹೋಗುವವಳು. ಆಮೇಲೆ ಉಳಿಯುವುದು ಶ್ರೀಮತಿಯ ಮನೆಯ ಕೆಲಸವೊಂದೇ. ಆ ಮನೆಯಲ್ಲಿ ಕಾಳವ್ವನ ಸ್ಟೀಲ್ ಲೋಟ, ಉಳಿದವುಗಳಂಥದೇ ಆದರೂ, ಬಾಲ್ಕನಿಯ ಕಟ್ಟೆಯ ಮೇಲೆ ಬೇರೆಯಾಗಿರುತ್ತಿತ್ತು. ಶ್ರೀಮತಿ ಅದಕ್ಕೆ ಮೇಲಿನಿಂದ ಚಹಾ ಸುರಿಯುತ್ತಿದ್ದಳು. ಏಳು ವರ್ಷದಿಂದ ಹಾಗೆಯೇ.

ಫುಮಿಕೊ ಚಾಪೆ ಹಾಸಿದ್ದಳು. ಇದ್ದಿಲಿನ ಶೇಗಡಿಯ ಮೇಲೆ ಕಬ್ಬಿಣದ ಪಾತ್ರೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಕಾಳವ್ವ ಬಾಗಿಲ ಬಳಿಯೇ ಕೂತಳು. ಫುಮಿಕೊ ಅವಳ ಕೈ ಹಿಡಿದು ಎಬ್ಬಿಸಿ, ಹೂವಿಟ್ಟ ಗೋಡೆಯ ಪಕ್ಕ ಕೂಡಿಸಿದಳು.

"ದೀದಿ, ಪಹಲೆ." ಅಕ್ಕ, ಮೊದಲು ನೀನು ಎನ್ನುವಷ್ಟು ಹಿಂದಿ ಅವಳಿಗೆ ಬರುತ್ತಿತ್ತು.

"ನಾ ಯಾಕ್ರಿ ಅಲ್ಲಿ? ಅಮ್ಮಾರು ಕೂಡ್ಲಿ."

"ಕೂತ್ಕೊ ಮಾರಾಯ್ತಿ. ಇವತ್ತು ನೀನೇ ಮದುಮಗಳು ಅಂತ ತಿಳ್ಕೊ," ಎಂದು ಶ್ರೀಮತಿ ನಕ್ಕಳು.

ತೊಳೆದಿಟ್ಟಿದ್ದ ಬಟ್ಟಲನ್ನೇ ಫುಮಿಕೊ ಅವರೆದುರು ಮತ್ತೆ ತೊಳೆದಳು, ನಿಧಾನವಾಗಿ ತಿರುಗಿಸುತ್ತ ಒರೆಸಿದಳು. ಪಾತ್ರೆಯ ಕೆಲಸವನ್ನು ಹೀಗೆ ಜನರ ಮುಂದೆ, ಪೂಜೆಯ ಹಾಗೆ ಮಾಡಬಹುದೆಂದು ಕಾಳವ್ವ ಇಷ್ಟು ವಯಸ್ಸಿಗೂ ಕಂಡಿರಲಿಲ್ಲ. ಹಸಿರು ಪುಡಿ, ಬಿಸಿನೀರು, ಬಿದಿರಿನ ಕಡ್ಡಿಗಳ ಕುಂಚ. ಅಂಬಲಿಯಷ್ಟು ಗಟ್ಟಿಯಾದ ಚಹಾ. ಬಟ್ಟಲು ಮಾತ್ರ ಒಂದೇ. ಕುಡಿದು, ಅಂಚನ್ನು ಕಾಗದದಿಂದ ಒರೆಸಿ, ಪಕ್ಕದವರಿಗೆ ಕೊಡಬೇಕೆಂದು ಫುಮಿಕೊ ಕೈಸನ್ನೆಯಲ್ಲಿ ತೋರಿಸಿದಳು.

ಶ್ರೀಮತಿಯ ನಗು ಅಲ್ಲಿಗೇ ನಿಂತಿತು.

ಬಟ್ಟಲು ಮೊದಲು ಕಾಳವ್ವನ ಕೈಗೆ ಬಂತು. ತಾನು ಎಂಜಲು ಮಾಡಿದರೆ ಅಮ್ಮ ಹೇಗೆ ಕುಡಿಯಬೇಕು? ಕುಡಿಯದಿದ್ದರೆ ಕರೆದವಳಿಗೆ ಅವಮಾನ. ಅವಳಿಗೊಂದು ಉಪಾಯ ಹೊಳೆಯಿತು: ತಲೆ ಹಿಂದಕ್ಕೆ ವಾಲಿಸಿ, ಬಟ್ಟಲನ್ನು ಮೇಲೆತ್ತಿ, ತುಟಿ ತಾಗಿಸದೆ ಸುರಿದುಕೊಂಡಳು. ಚಹಾ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಒಂದು ಮುದ್ದೆ ಜಾರಿ ಗದ್ದ ದಾಟಿ ಸೀರೆಗೆ ಬಿತ್ತು.

"ಅಯ್ಯೋ, ಬಾಯಿಟ್ಟು ಕುಡಿ ಮಾರಾಯ್ತಿ!" ಶ್ರೀಮತಿ ಗಾಬರಿಯಲ್ಲಿ ಅಂದಳು. ಅಂದಮೇಲೆ ಬಟ್ಟಲಿನ ಅಂಚನ್ನೇ ನೋಡಿದಳು.

ಕಾಳವ್ವ ಬಾಯಿಟ್ಟು ಕುಡಿದಳು. ಕಹಿಯಾಗಿತ್ತು. ಅಂಚನ್ನು ಎರಡು ಸಲ, ಮೂರು ಸಲ ಒರೆಸಿ, ತಲೆ ತಗ್ಗಿಸಿ ಬಟ್ಟಲು ಚಾಚಿದಳು. ಶ್ರೀಮತಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಫುಮಿಕೊ ಕಾದಳು. ಕೊನೆಗೆ ಶ್ರೀಮತಿ ಕಣ್ಣು ಮುಚ್ಚಿ ಕುಡಿದಳು.

ಮೆಟ್ಟಿಲು ಇಳಿಯುವಾಗ ಶ್ರೀಮತಿ ಹಿಂದೆ ತಿರುಗಿ ನೋಡದೆ ಮುಂದೆ ನಡೆದಳು. ನಾಳೆಯಿಂದ ಬರಬೇಡ ಅನ್ನುತ್ತಾಳೆಂದೇ ಕಾಳವ್ವ ತಿಳಿದಳು.

ಮರುದಿನ ಬೆಳಿಗ್ಗೆ ಲೋಟ ಕಟ್ಟೆಯ ಮೇಲೆ ಎಂದಿನಂತೆಯೇ ಇತ್ತು. ಕಾಳವ್ವ ಅದನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ತಂದು ಎಲ್ಲ ಪಾತ್ರೆಗಳ ಜೊತೆ ತಿಕ್ಕಿ, ತೊಳೆದು, ಒರೆಸಿ, ಮನೆಯ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದಳು.

ಶ್ರೀಮತಿ ಚಹಾದ ಪಾತ್ರೆ ಹಿಡಿದು ಬಂದಳು. ಕಟ್ಟೆ ನೋಡಿದಳು. "ನಿನ್ನ ಲೋಟ ಎಲ್ಲಿ?"

"ಅಲ್ಲೇ ಐತ್ರೀ ಅಮ್ಮಾರ. ತೊಳದೀನಿ."

"ಯಾವುದು ಅದರಲ್ಲಿ?"

"ನಂಗೂ ಗೊತ್ತಾಗವಲ್ದು. ಎಲ್ಲಾ ಒಂದಽ ನಮೂನಿ ಅದಾವ."

ಶ್ರೀಮತಿ ಸಾಲಿನ ಮುಂದೆ ನಿಂತೇ ಇದ್ದಳು. ಚಹಾಕ್ಕೆ ಕೆನೆ ಕಟ್ಟತೊಡಗಿತು.

"ಎಂತ ಹೆಂಗಸು ನೀನು," ಎಂದು ಗೊಣಗಿ, ಕೈಗೆ ಸಿಕ್ಕ ಎರಡು ಲೋಟ ತೆಗೆದು ಸುರಿದಳು. "ಸಕ್ಕರೆ ಸಾಕಾ ನೋಡು."