ಹಂಪವ್ವನ ಬಿಳಿ ಕೂದಲು

ಮುಚ್ಚಿಕೊಂಡಳು, ಎದುರು ಸೀಟಿನವಳು ಅಂಗೈ ಮುಚ್ಚಿಕೊಂಡಳು, ನಾನು ನೋಡಿದೆನೆಂದೇ ಮುಚ್ಚಿಕೊಂಡಿರಬೇಕು, ಏನಿದೆ ಅದರೊಳಗೆ, ಟಿಕೆಟ್ಟೇ ಇರಬಹುದು, ಟಿಕೆಟ್ಟಾದರೆ ಅಷ್ಟು ಬಿಗಿ ಹಿಡಿಯುವುದೇಕೆ — ಕಂಡಕ್ಟರು ಬಂದ, ಬಿಡಿಸಿದಳು, ಟಿಕೆಟ್ಟೇ, ಬೆವರಿಗೆ ಮುದ್ದೆಯಾಗಿದೆ, ಇರಲಿ, ಅದರ ಕೆಳಗೆ ಇನ್ನೇನಿತ್ತೋ ಯಾರು ಕಂಡರು. ದಾವಣಗೆರೆಯ ಮಿಲ್ಲಿನ ಚಿಮಣಿ ಕಿಟಕಿಯಲ್ಲಿ ಹಿಂದೆ ಸರಿಯುತ್ತಿದೆ, ಹತ್ತಿ ತುಂಬಿದ ಗಾಡಿಗಳು ರಸ್ತೆ ಬಿಡುವುದಿಲ್ಲ, ಡ್ರೈವರು ಹಾರನ್ನು ಹಿಂಡಿಯೇ ಹಿಂಡುತ್ತಾನೆ, ಹಿಂದೆ ಯಾರೋ ಮಂಡಕ್ಕಿ ತಿನ್ನುತ್ತಿದ್ದಾರೆ, ಹಸಿ ಈರುಳ್ಳಿಯ ವಾಸನೆ, ಮಧ್ಯಾಹ್ನದ ಬಿಸಿಲು ಬಲಗೆನ್ನೆಯ ಮೇಲೆ ಕೂತೇಬಿಟ್ಟಿದೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ ತರಬೇತಿಯ ನೋಟ್‌ಬುಕ್ಕು, ಅದರ ಪಕ್ಕ ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ, ನನ್ನ ಎಂಟು ವರ್ಷದ ಮಗಳು ಹಾಲಮ್ಮನಿಗೆ, ಬಸ್ಸು ಎಗರಿದಾಗಲೆಲ್ಲ ಕಿಣಿ ಎನ್ನುತ್ತವೆ. ಸೋಮವಾರ ಅತ್ತೆ ಹೋಗುತ್ತಾಳೆ. ಗಟ್ಟಿಯಾಯಿತು. ಗಂಡನ ಬಾಯಲ್ಲೇ ಹೇಳಿಸಿಬಿಟ್ಟೆ.

ಮಿಲ್ಲಿನ ಗೇಟಿನ ಹತ್ತಿರ ಅರ್ಧ ಗಂಟೆ ನಿಂತೆ, ಶಿಫ್ಟು ಬಿಟ್ಟಿತು, ತೋಟಪ್ಪ ಬಂದರು, ಮೀಸೆಯ ಮೇಲೆಲ್ಲ ಹತ್ತಿಯ ಧೂಳು, ಹೆಂಡತಿ ಗೇಟಿಗೆ ಬಂದಿದ್ದಾಳೆಂದರೆ ಯಾರೋ ಸತ್ತಿರಬೇಕು ಅನ್ನುವ ಮುಖ. ವಾರಕ್ಕೊಮ್ಮೆ ಹರಿಹರಕ್ಕೆ ಬರುವವರಿಗೆ ಮನೆಯೊಳಗಿನದು ಏನು ಗೊತ್ತಾಗುತ್ತದೆ. ನಿಮ್ಮವ್ವನ್ನ ಭಾನುವಳ್ಳಿಗೆ ಕಳಸ್ರಿ, ನಿಮ್ಮ ಅಣ್ಣನ ಮನಿಗೆ, ಅಂದೆ. ಯಾಕ, ಏನ್ ಮಾಡಿದ್ಲು. ಮಗಳನ್ನ ನನ್ನಿಂದ ಕಿತ್ಕೊಳ್ಳಾಕ್ ಹತ್ಯಾಳ. ಅವರು ನಕ್ಕರು, ನಗುವ ಮಾತೇನಿತ್ತು ಅದರಲ್ಲಿ, ಆಮೇಲೆ ನನ್ನ ಮುಖ ನೋಡಿ ಮೀಸೆಯ ಧೂಳು ಒರೆಸಿಕೊಂಡರು. ಹದಿನಾಲ್ಕು ವರ್ಷದ ಸಂಸಾರ, ನಾನು ಹಟ ಹಿಡಿದರೆ ಬಿಡುವವಳಲ್ಲ ಅಂತ ಗೊತ್ತು, ಆಗ್ಲಿ ಬಿಡು, ಸೋಮವಾರ ಅಣ್ಣನ ಗಾಡಿ ಸಂತಿಗೆ ಬರ್ತೈತೆ, ಅದರಾಗ ಕಳಸ್ತೀನಿ, ಅಂದರು. ಗೆದ್ದೆ. ತಿರುಗಿ ನಡೆದ ಮೇಲೆ ಹಿಂದಿನಿಂದ ಕೂಗಿದರು, ಬಸಮ್ಮ, ಮಗಳನ್ನ ಒಂದ್ ಮಾತು ಕೇಳಿದ್ಯೇನು? ಕೇಳುವುದೇನು ಅವಳನ್ನ, ಆ ಮುದುಕಿ ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಾಳೆ. ಬಸ್ಸಿಗೆ ಹೊತ್ತಾಯ್ತು ಅಂತ ಹೇಳಿ ಬಂದೆ, ಬಸ್ಸಿಗೆ ಹೊತ್ತೇನೂ ಆಗಿರಲಿಲ್ಲ.

ಹನ್ನೊಂದು ಶನಿವಾರ ಆಯಿತು ಈ ತರಬೇತಿ, ಕುಟುಂಬ ಮನಶ್ಶಾಸ್ತ್ರ ಅಂತೆ, ಸಾಲೆಯ ಮೇಷ್ಟ್ರುಗಳಿಗೂ ನನ್ನಂಥ ಅಕ್ಕೋರುಗಳಿಗೂ. ಮೊದಲ ದಿನ ಲೆಕ್ಚರರ್ ರಾಮಚಂದ್ರಪ್ಪನವರು ಕನ್ನಡಕ ಒರೆಸಿಕೊಳ್ಳುತ್ತ, ಸಾಲೆಗೆ ಬರೋ ಮಗು ಒಂದೇ ಬರೋದಿಲ್ಲರೀ, ಅದರ ಹಿಂದೆ ಅದರ ಮನೀನೂ ಬಂದು ಬೆಂಚಿನ ಮೇಲೆ ಕೂಡ್ತೈತೆ, ಮಗುವಿನ ಭಯ ಎಲ್ಲಿಂದ ಬಂತು ಹುಡುಕ್ರಿ, ಅಂದರು. ನನಗೆ ಎಷ್ಟು ಸಮಾಧಾನವಾಯಿತು ಅಂದು! ಇಷ್ಟು ವರ್ಷ ಇವಳಿಗೆ ಅನುಮಾನ ಜಾಸ್ತಿ, ಕಲ್ಲಿನೊಳಗೂ ಹುಳ ಹುಡುಕುತ್ತಾಳೆ ಅಂತ ತವರಿನಲ್ಲೂ ಅಂದವರೇ, ಗಂಡನ ಮನೆಯಲ್ಲೂ ಅಂದವರೇ, ಈಗ ನೋಡಿ, ಅದಕ್ಕೊಂದು ಶಾಸ್ತ್ರವೇ ಇದೆ. ಮಕ್ಕಳ ಕೈಲಿ ಅವರವರ ಮನೆಯ ಚಿತ್ರ ಬರೆಸಿ, ಒಂದು ಮನೆ ಆರಿಸಿಕೊಂಡು, ಹೋಗಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ ಅಂದರು. ನಾನು ಮೆಹರ್ ಬಾನುವಿನ ಮನೆ ಆರಿಸಿದೆ.

ಅವಳು ತನ್ನ ಅಪ್ಪನಿಗೆ ಬರೆದಿದ್ದ ಕೈ ನೋಡಬೇಕಿತ್ತು, ಮೈಗಿಂತ ದೊಡ್ಡವು, ಕಪ್ಪಗೆ ತಿದ್ದಿ ತಿದ್ದಿ ಹಾಳೆ ಹರಿದಿತ್ತು. ಹೊಡೆಯುತ್ತಾನೆ, ಇನ್ನೇನು. ಹೋದೆ. ಮಸ್ತಾನಸಾಬ್ ಪಾತ್ರೆಗೆ ಕಲಾಯಿ ಹಾಕುವವನು, ಬರ್ರಿ ಅಕ್ಕೋರೆ ಕೂಡ್ರಿ ಅಂತ ಚಾಪೆ ಕೊಡವಿದ, ಅವನ ಎರಡೂ ಕೈ ಮೊಣಕೈವರೆಗೆ ಇದ್ದಿಲು ಮಸಿ, ಮಗಳು ಬರೆದ ಹಾಗೇ ಕಪ್ಪು, ತೊಳೆದರೂ ಹೋಗಲ್ರೀ ಇದು, ಸತ್ತ ಮ್ಯಾಲೂ ನನ್ನ ಜೋಡಿ ಬರ್ತೈತೆ, ಅಂತ ನಕ್ಕ. ನಾನೇನು ಅಷ್ಟಕ್ಕೇ ಬಿಟ್ಟೆನೆ, ಅಂಗಳದಲ್ಲಿ ಕಾದೆ, ಒಳಗಿಂದ ಮೆಹರ್ ಬಾನು ಬಂದಳು, ಅವನು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡ, ಏನೋ ಮುಚ್ಚಿಟ್ಟ ಹಾಗೆ, ಆ ಹುಡುಗಿ ಕಿಲಕಿಲ ಅಂತ ಹಾರಿ ಅವನ ಬೆನ್ನಿಗೇ ಬಿದ್ದಳು, ಬೆರಳು ಒಂದೊಂದಾಗಿ ಬಿಡಿಸಿದಳು, ಬತ್ತಾಸು, ಒಂದೇ ಒಂದು ಬತ್ತಾಸು, ಮಸಿ ಹತ್ತಿದ್ದು, ಬಾಯಿಗೆ ಹಾಕಿಕೊಂಡು ತಿರುಗಿದಳು, ನನ್ನನ್ನು ಕಂಡಳು, ನಗು ನಿಂತಿತು. ನಿಂತಿತು, ಕೈ ಕಟ್ಟಿಕೊಂಡಳು, ಗೋಡೆಗೆ ಅಂಟಿಕೊಂಡಳು. ಅದನ್ನೇ ಬರೆದೆ ನೋಟ್‌ಬುಕ್ಕಿನಲ್ಲಿ, ಮೇಲ್ನೋಟಕ್ಕೆ ಪ್ರೀತಿಯ ಮನೆ, ಆದರೆ ಹೊರಗಿನವರ ಎದುರು ಮಗು ಬಾಯಿ ಬಿಡುವುದಿಲ್ಲ, ಮನೆಯವರು ಹೆದರಿಸಿಟ್ಟಿರಬಹುದು. ನಾಲ್ಕು ಪುಟ ಬರೆದೆ.

ಹಾಲಮ್ಮನೂ ನನ್ನ ತರಗತಿಯೇ, ಮೂರನೆಯದು, ಅವಳೂ ಚಿತ್ರ ಬರೆದಳು — ಅಜ್ಜಿ ಹಂಪವ್ವ ನಡುವಿನಲ್ಲಿ, ದೊಡ್ಡದಾಗಿ, ಸೈಕಲ್ಲಿನ ಮೇಲೆ ಅಪ್ಪ, ಒಂದು ಕೋಳಿ, ಕೋಳಿಗೆ ಐದು ಮರಿ. ಕೋಳಿಮರಿಗೂ ಜಾಗವಿದೆ, ನಾನಿಲ್ಲ. ಎಲ್ಲರ ಎದುರಿಗೇ ಕೇಳಿದೆ, ಇನ್ಯಾರನ್ನೋ ಮರ್ತಿದಿಯಲ್ಲ? ಅವಳು ಎದ್ದು ನಿಂತು, ಮನ್ಯಾಗ ಇರೋರನ್ನ ಬರೀರಿ ಅಂದ್ರಿ ಅಕ್ಕೋರೆ, ಅಂದಳು. ಅಕ್ಕೋರೆ. ಸಾಲೆಯಲ್ಲಿ ಅವ್ವ ಅನ್ನಕೂಡದು ಅಂತ ನಾನೇ ಮಾಡಿದ ನಿಯಮ, ಅದಕ್ಕೆ ಕಾರಣವಿದೆ, ಅವಳು ಸಾಲೆಗೆ ಸೇರಿದ ಮೊದಲ ವರ್ಷ ಯಾರದೋ ತಾಯಿ ಬಾಗಿಲಲ್ಲಿ ನಿಂತು ಊರ ಮಕ್ಕಳಿಗೊಂದು ನ್ಯಾಯ ಇವರ ಮಗಳಿಗೊಂದು ನ್ಯಾಯ ಅಂತ ಓಣಿಗೆಲ್ಲ ಕೇಳುವಂತೆ ಅಂದಳು, ಮೈಯೆಲ್ಲ ಉರಿದುಹೋಯಿತು ನನಗೆ, ಮಾರನೆಯ ದಿನದಿಂದಲೇ ಬೇರೆ ಹುಡುಗಿಯರಿಗೆ ಎರಡು ಬೆತ್ತದ ಏಟಾದರೆ ಹಾಲಮ್ಮನಿಗೆ ನಾಲ್ಕು. ಯಾವ ಬಾಯಿ ಆಡಿಕೊಳ್ಳುತ್ತದೋ ಆಡಿಕೊಳ್ಳಲಿ ಈಗ. ಹೆಡ್‌ಮೇಷ್ಟ್ರೂ ಹೊಗಳಿದರು, ಬಸಮ್ಮನೋರ ಕೈ ತಕ್ಕಡಿ ಇದ್ದ ಹಾಗೆ ಅಂದರು. ಆ ದಿನವೂ ನಾಲ್ಕು, ಎದುರುತ್ತರಕ್ಕೆ. ಅವಳು ಅಳುವುದಿಲ್ಲ, ಅಂಗೈ ಚಾಚುತ್ತಾಳೆ, ಮುಖ ಆ ಕಡೆ ತಿರುಗಿಸಿ ಕಣ್ಣು ಗಟ್ಟಿ ಮುಚ್ಚುತ್ತಾಳೆ, ಮೂರನೆಯದು ತುಸು ಜಾರಿ ಬಳೆಗೆ ಬಿತ್ತು, ಚೂರು ನೆಲಕ್ಕೆ ಉದುರಿದವು, ಮೆಹರ್ ಬಾನುವೇ ಅಲ್ಲವೆ ಆಯ್ದು ಕಿಟಕಿಯಾಚೆ ಹಾಕಿದವಳು. ನಾಲ್ಕನೆಯದನ್ನೂ ಕೊಟ್ಟೆ. ಲೆಕ್ಕ ಅಂದರೆ ಲೆಕ್ಕ. ಅದಕ್ಕಾಗಿ ಇವತ್ತು ಬಳೆ ಕೊಂಡೆನೆಂದಲ್ಲ, ಅಂಗಡಿ ಎದುರಿಗಿತ್ತು, ಬಣ್ಣ ಚೆನ್ನಾಗಿತ್ತು, ಕೊಂಡೆ.

ಮನೆಗೆ ಬಂದರೆ ಬೇರೆಯೇ ನಾಟಕ. ಅಜ್ಜಿಯೂ ಮೊಮ್ಮಗಳೂ ಗುಸುಗುಸು, ನಾನು ಹೊಸ್ತಿಲು ದಾಟಿದೆನೋ ಮಾತು ಬಂದ್. ಏನಂತಿದ್ರಿ ಅತ್ತೆ. ಏನಿಲ್ಲ ತಾಯಿ, ಕಥಿ ಹೇಳ್ತಿದ್ದೆ. ಕಥೆಯಾದರೆ ನಿಲ್ಲಿಸುವುದೇಕೆ, ನಾನೇನು ಕಥೆ ಕೇಳದವಳೆ? ಹೋದ ತಿಂಗಳು ಮಗಳ ತಲೆ ಬಾಚುವಾಗ ಅವಳ ಮುಷ್ಟಿ ನೋಡಿದೆ, ಬಿಡಿಸಿದರೆ ಒಂದು ಬಿಳಿ ಕೂದಲು, ಉದ್ದನೆಯದು, ಬೆರಳಿಗೆ ಸುತ್ತಿಕೊಂಡಿದ್ದಾಳೆ. ಯಾರದು ಇದು? ಮುಷ್ಟಿ ಮತ್ತೆ ಮುಚ್ಚಿದಳು. ಆಮೇಲೆ ಪಾಟೀಚೀಲ ಜಾಲಾಡಿದೆ, ತಳದಲ್ಲಿ ಕಾಗದದ ಪೊಟ್ಟಣ, ಒಳಗೆ ಹತ್ತು ಹನ್ನೆರಡು, ಎಲ್ಲ ಬಿಳಿ, ಎಲ್ಲ ಒಂದೇ ಉದ್ದ, ಎಣ್ಣೆ ಹಚ್ಚಿ ಸುರುಳಿ ಸುತ್ತಿದ್ದು. ನನ್ನವ್ವ ಕೇಳಿದವಳೇ ಗದ್ದಕ್ಕೆ ಕೈ ಹಚ್ಚಿದಳು, ಅಯ್ಯೋ ನನ್ ಶಿವನೆ, ಮಾಟ ಕಣೆ ಅದು, ಮಗಳು ನಿನ್ನ ಕಡಿ ತಿರುಗಿ ನೋಡದಂಗ ಮಾಡ್ಸ್ಯಾಳ. ಮಾಟಮಂತ್ರ ನಾನು ನಂಬುವುದಿಲ್ಲ, ಓದಿದವಳು, ಆದರೆ ನಂಬದವರಿಗೆ ಮಾಟ ತಗಲುವುದಿಲ್ಲ ಅಂತ ಬರೆದುಕೊಟ್ಟವರು ಯಾರು? ಮಾಟ ಬೇಡ, ಮನಸ್ಸು ನೋಡಿ, ತನ್ನ ತಲೆಯ ಕೂದಲು ಕಿತ್ತು ಮಗುವಿನ ಚೀಲಕ್ಕೆ ತುಂಬುವ ಮುದುಕಿಯ ಮನಸ್ಸಿನಲ್ಲಿ ಏನಿರಬೇಕು. ಕೇಳಿದೆ, ಅತ್ತೆ, ಇದೇನು? ಪೊಟ್ಟಣ ಕಂಡದ್ದೇ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಏನಿಲ್ಲವ್ವ, ಹುಡುಗಿ ಆಡಾಕ ಇಟ್ಕಂಡೈತೆ, ಅಂದಳು. ಕೂದಲಿನಲ್ಲಿ ಯಾವ ಮಕ್ಕಳು ಆಡುತ್ತವೆ! ಪೊಟ್ಟಣ ಒಲೆಗೆ ಹಾಕಿದೆ, ಮನೆಯೆಲ್ಲ ಕಮಟು, ಹಾಲಮ್ಮ ಅಂದು ಮೊದಲ ಸಲ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು, ಏಟಿಗೆ ಅಳದವಳು ಕೂದಲಿಗೆ ಅತ್ತಳು. ಸಾಕ್ಷಿ ಇನ್ನೇನು ಬೇಕು ನನಗೆ.

ಇವತ್ತು ರಾಮಚಂದ್ರಪ್ಪನವರು ನೋಟ್‌ಬುಕ್ಕು ವಾಪಸು ಕೊಟ್ಟರು, ನಾಲ್ಕು ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು — ಮಗು ನಗು ನಿಲ್ಲಿಸಿದ್ದು ಯಾರನ್ನು ಕಂಡು? ಇದೆಂಥ ಪ್ರಶ್ನೆ. ನನ್ನನ್ನು ಕಂಡು, ಮತ್ತೆ ಯಾರನ್ನು, ಬರೆದೇ ಇದ್ದೇನಲ್ಲ, ಹೊರಗಿನವರೆಂದು. ಸರಿಯಾಗಿ ಓದಿರಲಿಕ್ಕಿಲ್ಲ, ಅಥವಾ ಪಕ್ಕದಲ್ಲಿ ಕೂರುವ ಆ ಮೈಲಪ್ಪ ಮೇಷ್ಟ್ರು ನನ್ನ ಮೇಲೆ ಏನೋ ಚಾಡಿ ಹೇಳಿದ್ದಾನೆ, ನೋಟ್‌ಬುಕ್ಕು ನೋಡಿ ಮೀಸೆಯಲ್ಲೇ ನಕ್ಕದ್ದು ಕಂಡಿಲ್ಲವೆ ನಾನು. ಯಾರನ್ನು ಕಂಡು. ಎದುರಿನವಳು ಇಳಿದು ಹೋದಳು, ಸೀಟಿನ ಕೆಳಗೆ ಟಿಕೆಟ್ಟಿನ ಮುದ್ದೆ, ಟಿಕೆಟ್ಟು ಬಿಟ್ಟರೆ ಬೇರೇನೂ ಇಲ್ಲ. ಹರಿಹರ, ಹರಿಹರ, ಇಳೀರಿ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿದೆ, ಬಿಸಿಲಿಗೆ ನೆಲ ಸುಡುತ್ತಿದೆ, ಬಳೆ ಒಡೆದಿಲ್ಲ ತಾನೆ, ಚೀಲದಲ್ಲೇ ಮುಟ್ಟಿ ನೋಡಿದೆ, ಇಲ್ಲ, ಹನ್ನೆರಡೂ ಇವೆ.

ನಾನೂ ಮಾಡುತ್ತೇನೆ ಅಂದುಕೊಂಡೆ, ಮನೆಯ ಓಣಿಗೆ ತಿರುಗುವಾಗ, ಆ ಕಲಾಯಿಯವನು ಮಾಡಿದ ಹಾಗೆ, ಬೆನ್ನ ಹಿಂದೆ ಕೈ ಇಟ್ಟುಕೊಂಡು ನಿಲ್ಲುತ್ತೇನೆ, ಬಂದು ಬೆನ್ನಿಗೆ ಬೀಳಲಿ, ಬೆರಳು ಬಿಡಿಸಲಿ, ಅಜ್ಜಿ ಹೋದ ಮೇಲೆ ಇನ್ನು ನಾನೂ ಅವಳೂ ಇಬ್ಬರೇ ತಾನೆ, ಇವತ್ತಿನಿಂದಲೇ ಶುರುವಾಗಲಿ. ನಗು ಬಂತು ನನಗೆ, ಎಷ್ಟು ದಿನವಾಗಿತ್ತೋ. ಬಳೆ ಪೇಪರಿನಿಂದ ಬಿಡಿಸಿ ಬೆನ್ನ ಹಿಂದೆ ಹಿಡಿದೆ, ಹೊಸ್ತಿಲಲ್ಲಿ ನಿಂತೆ. ಅಂಗಳದಲ್ಲಿ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ, ಹಾಲಮ್ಮ ಅವಳ ಮೊಣಕಾಲಿಗೆ ಒರಗಿ ಏನೋ ಹೇಳುತ್ತಿದ್ದಾಳೆ, ನಗುತ್ತಿದ್ದಾಳೆ, ನನ್ನ ಮಗಳ ನಗು ಇಷ್ಟು ದೊಡ್ಡದೆ — ನನ್ನನ್ನು ಕಂಡಳು, ನಿಂತಿತು. ಯಾರನ್ನು ಕಂಡು. ನನ್ನ ಮುಖ ನೋಡಿದಳು, ಬೆನ್ನ ಹಿಂದೆ ಹೋದ ಕೈ ನೋಡಿದಳು. ಓಡಿ ಬರಲಿಲ್ಲ. ಮೆಲ್ಲಗೆ ಎದ್ದಳು, ಅಜ್ಜಿಯ ಸೆರಗಿನೊಳಗೆ ಕೈ ಹಾಕಿ ತುರುಬಿನಿಂದ ಚಿಟ್ಟನೆ ಒಂದು ಕೂದಲನ್ನು ಕಿತ್ತಳು, ಅಜ್ಜಿ ಹಾ ಎನ್ನಲಿಲ್ಲ, ತಲೆ ಬಗ್ಗಿಸಿ ಕೊಟ್ಟಳು, ರೂಢಿಯಾಗಿದೆ, ಇಬ್ಬರಿಗೂ ರೂಢಿಯಾಗಿದೆ. ಹಾಲಮ್ಮ ಅದನ್ನು ಎಡ ಅಂಗೈ ಮೇಲೆ ಅಡ್ಡವಾಗಿ ಇಟ್ಟುಕೊಂಡು ನನ್ನ ಮುಂದೆ ಬಂದು ನಿಂತಳು, ಚಾಚಿದಳು, ಮುಖ ಆ ಕಡೆ ತಿರುಗಿಸಿದಳು, ಕಣ್ಣು ಮುಚ್ಚಿದಳು. ಮನ್ಯಾಗ ಬ್ಯಾಡ ಬಸಮ್ಮ, ಸಾಲ್ಯಾಗ ಆದದ್ದು ಸಾಲ್ಯಾಗೇ ಇರ್ಲಿ, ಅಂತ ಅತ್ತೆ, ಹುಣಸೆಯ ಕೈ ಹಾಗೇ ಮುಗಿದು, ನಾನೇ ಹೇಳ್ಕೊಟ್ಟೆ ತಾಯಿ, ಬೇಕಾರೆ ನನ್ನ ಬೈಯಿ, ಮುದುಕಿ ಕೂದ್ಲು ಅಂಗೈಯಾಗ ಇದ್ರೆ ಬೆತ್ತದ ಏಟು ಹತ್ತಲ್ಲ ಅಂತಾರ, ಸುಳ್ಳೋ ನಿಜಾನೋ, ಕೂಸಿಗೆ ಧೈರ್ಯಕ್ಕ ಇರ್ಲಿ ಅಂತ ಕೊಟ್ಟೆ, ನಿನಗ ಹೆಂಗ ಹೇಳ್ಲಿ ನಾನು — ಬೆನ್ನ ಹಿಂದೆ ಬಳೆ ಕಿಣಿ ಎಂದವು, ಆ ಸಪ್ಪಳಕ್ಕೇ ಅವಳ ಬೆರಳುಗಳು ಒಮ್ಮೆ ಮಡಚಿ ಮತ್ತೆ ನೆಟ್ಟಗಾದವು, ಸೋಮವಾರ ಗಾಡಿ ಬರುತ್ತದೆ, ನಾನೇ ಹೇಳಿದ್ದೇನೆ, ಅವ್ವ ಅನ್ನೇ, ಇದು ಮನೆ ಕಣೇ, ಅವ್ವ ಅನ್ನು, ಒಳಗೊಳಗೇ ಅನ್ನುತ್ತೇನೆ, ಕಣ್ಣು ತೆರೆಯದೆ ಅವಳೇ ಕೇಳುತ್ತಾಳೆ, ನಾಕಾ ಅಕ್ಕೋರೆ? — ಅಂಗೈ, ಎಂಟು ವರ್ಷದ ಅಂಗೈ, ಅದರ ಮೇಲೆ ಒಂದು ಬಿಳಿ ಕೂದಲು, ಗಾಳಿಗೆ ಹಾರದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಾಳೆ, ಅಂಗೈ, ಬಿಳಿ ಕೂದಲು, ಅಂಗೈ